ರೇಡಿಯೇಟರಿನ ಕಪ್ಪು ಬಣ್ಣ ತೆಗೆದು ಬರಿಯ ತಾಮ್ರ, ಹಿತ್ತಾಳೆ ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ

ನನ್ನ ಕಂಪ್ಯೂಟರಿನ ವಾಟರ್ ಕೂಲಿಂಗ್ ಲೂಪಿನಲ್ಲಿ (ಬಿಸಿಯಾಗುವ ಭಾಗಗಳನ್ನು ತಂಪಾಗಿಡಲು ನೀರು ಸುತ್ತುವ ಏರ್ಪಾಡು) ಮೂರು ಫ್ಯಾನ್ ಕೂರುವ 360 ಮಿ.ಮೀ. ರೇಡಿಯೇಟರ್ ಒಂದಿದೆ. ನಾಲ್ಕು ವರ್ಷ ಬಳಸಿದ ಮೇಲೆ ಈಗ ಲೂಪನ್ನು ಪೂರ್ತಿ ಬಿಚ್ಚಿ ತೊಳೆಯುತ್ತಿದ್ದೇನೆ. ಹಿಂದೊಮ್ಮೆ ಫ್ಯಾನಿನ ತಿರುಪು ಬಿಗಿಯುವಾಗ ಸ್ಕ್ರೂಡ್ರೈವರ್ ಜಾರಿ ತುದಿಯ ಟ್ಯಾಂಕಿನ ಮೇಲೆ ಗೀರು ಬಿದ್ದಿತ್ತು. ಈ ಸಲ ಬೆಳಕಿಗೆ ಹಿಡಿದು ನೋಡಿದರೆ ಆ ಗೀರಿನ ತಳದಲ್ಲಿ ಹಳದಿ ಲೋಹ ಹೊಳೆಯುತ್ತಿದೆ. ಹೊಸ ಜೋಡಣೆಯಲ್ಲಿ ಮೆದು ಪೈಪಿನ ಬದಲು ತಾಮ್ರದ ಕೊಳವೆಗಳನ್ನು ಬಾಗಿಸಿ ಹಾಕುವ ಉದ್ದೇಶ ನನಗಿರುವುದರಿಂದ, ಅವುಗಳ ಪಕ್ಕದಲ್ಲಿ ಈ ಕರಿಯ ಪೆಟ್ಟಿಗೆಯ ಬದಲು ಬರಿಯ ಲೋಹವೇ ಕಾಣುವಂತಿದ್ದರೆ ಎಷ್ಟು ಚೆನ್ನ ಎನ್ನಿಸಿತು.

ಹತ್ತಿಬಟ್ಟೆಗೆ ಅಸಿಟೋನ್ ಹಾಕಿಕೊಂಡು ಒಂದು ಮೂಲೆಯನ್ನು ಹತ್ತು ನಿಮಿಷ ಉಜ್ಜಿ ನೋಡಿದ್ದೇನೆ. ಬಟ್ಟೆ ತುಸು ಬೂದು ಬಣ್ಣಕ್ಕೆ ತಿರುಗಿತೇ ಹೊರತು ರೇಡಿಯೇಟರಿನ ಬಣ್ಣ ಕದಲಲಿಲ್ಲ. ಹಾಗಾದರೆ ಯಾವ ದ್ರಾವಣ ಬಳಸಬೇಕು, ಫಿನ್‌ಗಳ (ಗಾಳಿಗೆ ಶಾಖ ಬಿಟ್ಟುಕೊಡುವ ತೆಳುವಾದ ಲೋಹದ ಹಾಳೆಗಳು) ನಡುವಿನ ಬಣ್ಣವನ್ನು ಹೇಗೆ ತೆಗೆಯಬೇಕು, ಬಣ್ಣ ಹೋದ ಮೇಲೆ ತಂಪು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಆಗುತ್ತದೆಯೇ, ಆ ಹೊಳಪು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಈ ಕೆಲಸ ಮಾಡಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ದ್ರಾವಣದ ಪ್ರಶ್ನೆಗಿಂತ ಮೊದಲು ಲೋಹದ ಪ್ರಶ್ನೆ ಬಗೆಹರಿಯಬೇಕು. ಬಿಡಿಭಾಗಗಳನ್ನು ಕೊಂಡು ಜೋಡಿಸುವ ಲೂಪುಗಳ ರೇಡಿಯೇಟರುಗಳಲ್ಲಿ ಸಾಮಾನ್ಯವಾಗಿ ಫಿನ್‌ಗಳು ತಾಮ್ರದವು, ನೀರು ಹರಿಯುವ ಚಪ್ಪಟೆ ಕೊಳವೆಗಳು ತಾಮ್ರದವು ಅಥವಾ ಹಿತ್ತಾಳೆಯವು, ಎರಡು ತುದಿಯ ಟ್ಯಾಂಕುಗಳು ಹಿತ್ತಾಳೆಯವು. ಫ್ಯಾನ್ ಕೂರುವ ಪಕ್ಕದ ತಗಡುಗಳು ಮಾತ್ರ ಹಲವು ಮಾದರಿಗಳಲ್ಲಿ ಉಕ್ಕಿನವಾಗಿರುತ್ತವೆ. ಪಂಪಿನ ಸಮೇತ ಮುಚ್ಚಿಯೇ ಬರುವ ಕೂಲರುಗಳ ರೇಡಿಯೇಟರುಗಳು ಬಹುಪಾಲು ಅಲ್ಯೂಮಿನಿಯಂ. ನಿಮ್ಮ ಗೀರಿನಲ್ಲಿ ಹಳದಿ ಕಂಡಿದೆ ಎಂದ ಮೇಲೆ ಟ್ಯಾಂಕು ಹಿತ್ತಾಳೆಯದೇ ಸರಿ. ಪಕ್ಕದ ತಗಡಿಗೆ ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಉಕ್ಕು, ಬಣ್ಣ ತೆಗೆದ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ.

ಅಸಿಟೋನಿಗೆ ಬಗ್ಗಲಿಲ್ಲ ಎಂದರೆ ಅದು ಕಾಯಿಸಿ ಗಟ್ಟಿಮಾಡಿದ ಲೇಪ, ಬಹುಶಃ ಎಪಾಕ್ಸಿ ಜಾತಿಯದು ಅಥವಾ ಪೌಡರ್ ಕೋಟಿಂಗ್. ಅಸಿಟೋನ್ ಮತ್ತು ಸಾದಾ ಥಿನ್ನರ್ ಗಾಳಿಯಲ್ಲಿ ಒಣಗುವ ಬಣ್ಣಗಳನ್ನು ಕರಗಿಸುತ್ತವೆ. ಶಾಖದಲ್ಲಿ ಅಣು ಅಣು ಹೆಣೆದುಕೊಂಡ ಲೇಪವನ್ನು ಕರಗಿಸಲಾರವು. ಅಂಥದ್ದಕ್ಕೆ ಪೇಂಟ್ ರಿಮೂವರ್ ಎಂದೇ ಮಾರುವ ಜೆಲ್ ಬೇಕು. ಹಳೆಯ ತಲೆಮಾರಿನ ಜೆಲ್‌ಗಳು ಮೆಥಿಲೀನ್ ಕ್ಲೋರೈಡಿನವು. ಹಚ್ಚಿದ ಐದು ನಿಮಿಷಕ್ಕೇ ಬಣ್ಣ ಸುಕ್ಕುಗಟ್ಟಿ ಏಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರವ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಕೋಣೆಯ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಉಸಿರಿನೊಡನೆ ಒಳಹೊಕ್ಕದ್ದು ದೇಹದಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಸ್ನಾನದ ತೊಟ್ಟಿಗಳ ಬಣ್ಣ ಕೀಳುತ್ತಿದ್ದ ಕೆಲಸಗಾರರು ಇದರಿಂದ ಸತ್ತಿರುವ ನಿದರ್ಶನಗಳಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಬಳಕೆಯವರಿಗೆ ಇಂಥ ರಿಮೂವರ್ ಮಾರುವುದನ್ನು 2019ರಲ್ಲಿ ನಿಷೇಧಿಸಿತು. ಐರೋಪ್ಯ ಒಕ್ಕೂಟ ಅದಕ್ಕೂ ಮೊದಲೇ ನಿರ್ಬಂಧ ಹೇರಿತ್ತು. ಕೈಗೆ ಹಾಕುವ ಸಾಮಾನ್ಯ ನೈಟ್ರೈಲ್ ಕೈಗವಸನ್ನೂ ಅದು ನಿಮಿಷಗಳಲ್ಲಿ ದಾಟಿಬರುತ್ತದೆ. ಒಂದು ರೇಡಿಯೇಟರಿನ ಚೆಂದಕ್ಕಾಗಿ ಆ ಗೊಡವೆ ಬೇಡ ಎಂಬುದು ನನ್ನ ಅಭಿಪ್ರಾಯ.

ಬೆಂಝೈಲ್ ಆಲ್ಕೊಹಾಲ್ ಆಧಾರದ ಜೆಲ್ ನಿಧಾನ, ಆದರೆ ಎಪಾಕ್ಸಿಯ ಮೇಲೂ ಕೆಲಸ ಮಾಡುತ್ತದೆ. ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಒಂದು ರಾತ್ರಿ ಬಿಡಬೇಕು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಿದರೆ ಸಾಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲ್ಯೂಮಿನಿಯಂ ಅದರಲ್ಲಿ ಹೈಡ್ರೋಜನ್ ಬುರುಗುಗಟ್ಟಿಸುತ್ತ ಕರಗಿಹೋಗುತ್ತದೆ. ತಾಮ್ರ ತಡೆದುಕೊಂಡರೂ ಬೆಸುಗೆಯಲ್ಲಿರುವ ತವರ, ಸೀಸ ಹಾಗೂ ಹಿತ್ತಾಳೆಯಲ್ಲಿರುವ ಸತು, ಇವು ಮೂರೂ ಪ್ರಬಲ ಕ್ಷಾರದಲ್ಲಿ ಸವೆಯುವ ಲೋಹಗಳೇ. ರೇಡಿಯೇಟರ್ ನಿಂತಿರುವುದು ಬೆಸುಗೆಯ ಮೇಲೆ ಎಂಬುದನ್ನು ಯಾವ ಹಂತದಲ್ಲೂ ಮರೆಯುವಂತಿಲ್ಲ. ಹೀಟ್ ಗನ್ ಬೇಡ ಎನ್ನುವುದೂ ಅದೇ ಕಾರಣಕ್ಕೆ. 63ಕ್ಕೆ 37ರ ತವರ–ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ, ಸೀಸವಿಲ್ಲದ ತವರ–ತಾಮ್ರದ ಬೆಸುಗೆ 227ಕ್ಕೆ. ಹೀಟ್ ಗನ್ನಿನ ಮೂತಿಯಿಂದ 500 ಡಿಗ್ರಿಯ ಗಾಳಿ ಬರಬಲ್ಲದು.

ಉತ್ತರ 2

ನಾನು ಇಂಥ ಎರಡು ರೇಡಿಯೇಟರುಗಳ ಬಣ್ಣ ತೆಗೆದಿದ್ದೇನೆ. ಮೊದಲನೆಯದನ್ನು ಹಾಳುಮಾಡಿದೆ, ಎರಡನೆಯದು ಈಗಲೂ ಬಳಕೆಯಲ್ಲಿದೆ. ಹಾಳಾದದ್ದು ಹೇಗೆಂದು ಹೇಳುವುದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಜೆಲ್ ಹಚ್ಚಿ ಬಿಟ್ಟಿದ್ದೆ. ಟ್ಯಾಂಕಿನ ಮೇಲಿನ ಬಣ್ಣ ಒದ್ದೆ ಕಾಗದದಂತೆ ಮಡಿಸಿಕೊಂಡು ಬಂತು; ಅದನ್ನು ಕಂಡು ಉತ್ಸಾಹ ಏರಿತು. ಫಿನ್‌ಗಳಲ್ಲಿ ಮಾತ್ರ ಮೆತ್ತಗಾದ ಬಣ್ಣ ಕೆಳಗೆ ಬೀಳದೆ, ಎರಡು ಫಿನ್‌ಗಳ ನಡುವೆ ಕರಿಯ ಅಂಟಿನಂತೆ ನಿಂತುಬಿಟ್ಟಿತು. ಅದನ್ನು ಹೊರಗೆ ತರಲೆಂದು ಹಿತ್ತಾಳೆ ತಂತಿಯ ಬ್ರಶ್ ತೆಗೆದುಕೊಂಡೆ. ಒಂದೇ ಎಳೆತ. ಎರಡು ಬೆರಳಗಲದಷ್ಟು ಜಾಗದಲ್ಲಿ ಫಿನ್‌ಗಳೆಲ್ಲ ಗಾಳಿಗೆ ಒರಗಿದ ಹುಲ್ಲಿನ ಹಾಗೆ ಒಂದೇ ಕಡೆಗೆ ಮಲಗಿದವು. ಅವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ದಪ್ಪವಿಲ್ಲದ ತಾಮ್ರದ ಹಾಳೆಗಳು. ಉಗುರು ತಾಗಿದರೂ ಮಡಚಿಕೊಳ್ಳುತ್ತವೆ. ಹಲ್ಲುಕಡ್ಡಿ ಹಿಡಿದು ಒಂದೊಂದನ್ನೇ ಎಬ್ಬಿಸುತ್ತ ಎರಡು ಸಂಜೆ ಕಳೆದ ಮೇಲೂ ಆ ಜಾಗದ ಸುಕ್ಕು ಹೋಗಲಿಲ್ಲ. ಸಾಲದ್ದಕ್ಕೆ, ಅಂಟನ್ನು ತೊಳೆಯಲು ಒತ್ತಡದ ನೀರು ಬಿಟ್ಟು ಇನ್ನೊಂದು ತುದಿಯನ್ನೂ ಮಲಗಿಸಿದೆ.

ಎರಡನೆಯ ಸಲ ಉಜ್ಜುವ ಕೆಲಸವನ್ನೇ ಕೈಬಿಟ್ಟೆ. ಪೋರ್ಟುಗಳಿಗೆ, ಅಂದರೆ ಪೈಪು ಸೇರುವ ತೂತುಗಳಿಗೆ, ಹಳೆಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿದ ಸ್ಟಾಪ್ ಪ್ಲಗ್ ಬಿಗಿದು (ಹೊಸ ಓ-ರಿಂಗ್ ಹಾಕಬೇಡಿ, ದ್ರಾವಣ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ) ಇಡೀ ರೇಡಿಯೇಟರನ್ನು ಒಂದು ಉಕ್ಕಿನ ತಟ್ಟೆಯಲ್ಲಿ ಮಲಗಿಸಿ, ಜೆಲ್ ಅಲ್ಲ, ಅದೇ ಜಾತಿಯ ತೆಳು ದ್ರವದಲ್ಲಿ ಮುಳುಗಿಸಿಟ್ಟೆ. ಜೆಲ್ ಫಿನ್‌ಗಳ ನಡುವೆ ಕೂತುಬಿಡುತ್ತದೆ, ದ್ರವ ಹರಿದಾಡುತ್ತದೆ, ವ್ಯತ್ಯಾಸ ಅಷ್ಟೆ. ಒಂದು ಹಗಲು ಒಂದು ರಾತ್ರಿ ಬಿಟ್ಟು, ನಡುವೆ ನಾಲ್ಕೈದು ಸಲ ಮೇಲೆತ್ತಿ, ಫಿನ್‌ಗಳು ನೆಟ್ಟಗೆ ಕೆಳಮುಖವಾಗುವಂತೆ ಹಿಡಿದು ಅಲುಗಾಡಿಸಿದೆ. ಬಣ್ಣ ಚಕ್ಕೆ ಚಕ್ಕೆಯಾಗಿ ತಾನಾಗಿಯೇ ಉದುರಿತು. ಉಳಿದದ್ದಕ್ಕೆ ಮೆದು ಕೂದಲಿನ ಚಿತ್ರ ಬರೆಯುವ ಕುಂಚವನ್ನು ಫಿನ್‌ಗಳ ಉದ್ದಕ್ಕೇ ಆಡಿಸಿದೆ, ಅಡ್ಡಡ್ಡ ಎಂದೂ ಇಲ್ಲ. ಇಷ್ಟಾದರೂ ಕೊಳವೆಗೆ ಫಿನ್ ಅಂಟಿರುವ ಸಂದುಗಳಲ್ಲಿ ಸೂಜಿಮೊನೆಯಷ್ಟು ಕಪ್ಪು ಉಳಿದೇ ಇದೆ. ಹತ್ತಿರದಿಂದ ಹುಡುಕಿದರೆ ಮಾತ್ರ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬಣ್ಣದ ಕೆಳಗಿರುವುದು ಅಂಗಡಿಯ ಗಾಜಿನೊಳಗೆ ಇಟ್ಟ ತಾಮ್ರದ ಪಾತ್ರೆಯ ಹೊಳಪಲ್ಲ. ಹೇಗೂ ಬಣ್ಣ ಬಳಿಯುತ್ತೇವಲ್ಲ ಎಂದು ಕಾರ್ಖಾನೆಯವರು ಒಳಗನ್ನು ಚೆಂದ ಮಾಡುವ ಗೋಜಿಗೆ ಹೋಗಿರುವುದಿಲ್ಲ. ಟ್ಯಾಂಕಿನ ಅಂಚಿನಲ್ಲಿ ಬೆಸುಗೆ ಬೂದು ಬಣ್ಣದಲ್ಲಿ ಹರಿದು ಹನಿಗಟ್ಟಿತ್ತು, ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಸುಟ್ಟ ಕಂದು ಕಲೆಗಳಿದ್ದವು, ಒಲೆಯ ಶಾಖಕ್ಕೆ ಫಿನ್‌ಗಳು ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ನೇರಳೆಯಾಗಿ ತಿರುಗಿದ್ದವು. ನನಗೆ ಆ ಒರಟುತನವೇ ಹಿಡಿಸಿತು. ಒಂದೇ ಬಣ್ಣದ ನುಣುಪು ಬೇಕೆನ್ನುವವರಿಗೆ ಹಿಡಿಸಲಾರದು.

ಉತ್ತರ 3

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ, ಆದರೆ ಫಿನ್‌ಗಳ ಬಣ್ಣ ತೆಗೆಯಲೇಬೇಕೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಜೋಡಣೆ ಮುಗಿದ ಮೇಲೆ ರೇಡಿಯೇಟರಿನ ಒಂದು ಮುಖ ಫ್ಯಾನುಗಳ ಹಿಂದೆ ಅಡಗುತ್ತದೆ, ಇನ್ನೊಂದು ಮುಖ ಕೇಸಿನ ಜಾಲರಿಗೆ ಒತ್ತಿಕೊಳ್ಳುತ್ತದೆ. ಕಣ್ಣಿಗೆ ಬೀಳುವುದು ತುದಿಯ ಟ್ಯಾಂಕುಗಳು ಮತ್ತು ಒಂದು ಪಕ್ಕದ ತಗಡು, ಅಷ್ಟೇ. ಅಪಾಯವೆಲ್ಲ ಫಿನ್‌ಗಳಲ್ಲಿದೆ, ಅಂದವೆಲ್ಲ ಟ್ಯಾಂಕಿನಲ್ಲಿದೆ ಎಂದಾದರೆ ಕೈ ಹಾಕಬೇಕಾದದ್ದು ಎಲ್ಲಿಗೆ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಹಿತ್ತಾಳೆಯ ಟ್ಯಾಂಕುಗಳ ನಡುವೆ ಕಪ್ಪು ಫಿನ್‌ಗಳು ನಿಜಕ್ಕೂ ಚೆನ್ನಾಗಿಯೇ ಕಾಣುತ್ತವೆ. ಇಡೀ ರೇಡಿಯೇಟರ್ ಬರಿದಾಗಿರುವುದಕ್ಕಿಂತ ಆ ವೈದೃಶ್ಯವೇ ನನಗೆ ಹೆಚ್ಚು ಇಷ್ಟ.

ತಂಪಿನ ವಿಷಯದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಣ್ಣದ ಪದರ 20 ಮೈಕ್ರೋಮೀಟರ್ ದಪ್ಪವಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಅದು ಶಾಖಕ್ಕೆ ಒಡ್ಡುವ ತಡೆಯು ಲೋಹದಿಂದ ಗಾಳಿಗೆ ಶಾಖ ದಾಟುವಾಗ ಎದುರಾಗುವ ತಡೆಯ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಕಪ್ಪು ಮೇಲ್ಮೈ ಶಾಖವನ್ನು ಹೆಚ್ಚು ಹೊರಸೂಸುತ್ತದೆ, ಅದನ್ನು ತೆಗೆದರೆ ನಷ್ಟ ಎಂಬ ವಾದವನ್ನೂ ಅಲ್ಲಲ್ಲಿ ಕೇಳಿದ್ದೇನೆ. ಹೊಳೆಯುವ ತಾಮ್ರಕ್ಕಿಂತ ಕಪ್ಪು ಬಣ್ಣ ಹಲವು ಪಟ್ಟು ಹೆಚ್ಚು ಹೊರಸೂಸುತ್ತದೆ ಎಂಬುದು ನಿಜವೇ. ಆದರೆ 360 ಮಿ.ಮೀ. ರೇಡಿಯೇಟರಿನ ಎರಡೂ ಮುಖ ಸೇರಿಸಿ, ಸುತ್ತಲಿನ ಗಾಳಿಗಿಂತ 10 ಡಿಗ್ರಿ ಬಿಸಿಯಿದೆ ಎಂದು ಹಿಡಿದರೂ ಆ ದಾರಿಯಲ್ಲಿ ಹೋಗುವುದು ಐದಾರು ವಾಟ್ ಮಾತ್ರ. ನೂರಾರು ವಾಟ್ ಹೊತ್ತೊಯ್ಯುವುದು ಫ್ಯಾನಿನ ಗಾಳಿ. ಮಲಗಿದ ಫಿನ್‌ಗಳು ಗಾಳಿಯ ದಾರಿಯನ್ನು ಮುಚ್ಚಿದರೆ ಆಗುವ ನಷ್ಟ ಇದೆಲ್ಲಕ್ಕಿಂತ ದೊಡ್ಡದು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಆಯಸ್ಕಾಂತ ಹಿಡಿದು ನೋಡಿದೆ: ಪಕ್ಕದ ತಗಡುಗಳಿಗೆ ಬಲವಾಗಿ ಅಂಟಿತು, ಟ್ಯಾಂಕಿಗೆ ಅಂಟಲಿಲ್ಲ. ಮೂರನೆಯ ಉತ್ತರ ಓದಿದ ಮೇಲೆ ಫಿನ್‌ಗಳನ್ನೂ ಉಕ್ಕಿನ ತಗಡುಗಳನ್ನೂ ಕಪ್ಪಾಗಿಯೇ ಬಿಟ್ಟು, ಎರಡು ತುದಿಯ ಟ್ಯಾಂಕುಗಳನ್ನು ಮಾತ್ರ ಬರಿದು ಮಾಡುವುದೆಂದು ನಿರ್ಧರಿಸಿದ್ದೇನೆ. ಜೆಲ್ ಫಿನ್‌ಗಳತ್ತ ಇಳಿಯದಂತೆ ತಡೆಯುವುದು ಹೇಗೆ? ಹಿತ್ತಾಳೆ ಹೊರಬಂದ ಮೇಲೆ ಪಾತ್ರೆ ಹೊಳಪಿಸುವ ದ್ರವವನ್ನೇ ಬಳಸಬಹುದೇ? ಮೇಲೆ ಯಾವುದಾದರೂ ಲೇಪ ಬೇಕೇ?

ಉತ್ತರ 4

ಮೊದಲು ಮರೆಮಾಡುವ ವಿಷಯ. ಕಾಗದದ ಮಾಸ್ಕಿಂಗ್ ಟೇಪು ಇಲ್ಲಿ ನಿಲ್ಲುವುದಿಲ್ಲ, ಅದರ ಅಂಟನ್ನೇ ಜೆಲ್ ಕರಗಿಸಿಬಿಡುತ್ತದೆ. ಅಲ್ಯೂಮಿನಿಯಂ ಹಾಳೆಯ ಟೇಪನ್ನು ಎರಡು ಸುತ್ತು ಹಾಕಿ, ಅದರ ಅಂಚಿನಿಂದ ಒಂದು ಸೆಂಟಿಮೀಟರ್ ಹಿಂದೆಯೇ ಜೆಲ್ ನಿಲ್ಲಿಸಿ. ಅದಕ್ಕಿಂತ ಮುಖ್ಯವಾಗಿ, ರೇಡಿಯೇಟರನ್ನು ಟ್ಯಾಂಕು ಕೆಳಗೆ ಬರುವಂತೆ ನಿಲ್ಲಿಸಿಕೊಂಡು ಕೆಲಸ ಮಾಡಿ. ಇಳಿಯುವ ಜೆಲ್ ಫಿನ್‌ಗಳ ಕಡೆ ಹೋಗದೆ ನೆಲದ ಕಡೆ ಹೋಗುತ್ತದೆ. ಉಳಿಯುವ ಆ ಒಂದು ಸೆಂಟಿಮೀಟರಿನ ಬಣ್ಣವನ್ನು ಕೊನೆಗೆ 400 ಸಂಖ್ಯೆಯ ನೀರಿನ ಸ್ಯಾಂಡ್ ಪೇಪರಿನಿಂದ ತೆಗೆಯಬಹುದು. ನೀರು ಹಾಕಿಕೊಂಡೇ ಉಜ್ಜಬೇಕು. ಅಂಚಿನ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಒಣ ಧೂಳು ಏಳಬಾರದು, ಬೆಸುಗೆಯ ಗೆರೆಯನ್ನು ಸವೆಸಿ ತೆಳುಮಾಡಲೂ ಬಾರದು. ಆ ಬೂದು ಗೆರೆ ಹಾಗೆಯೇ ಇರಲಿ. ನಂತರ 800, 1500 ಎಂದು ಮೇಲೇರುತ್ತ ಪ್ರತಿ ಸಲವೂ ಒಂದೇ ದಿಕ್ಕಿಗೆ ಎಳೆದರೆ ಗೀರುಗಳೆಲ್ಲ ಸಾಲುಗೂಡಿ ರೇಷ್ಮೆಯಂಥ ಮಂದ ಹೊಳಪು ಬರುತ್ತದೆ. ಕನ್ನಡಿಯ ಹೊಳಪಿಗಿಂತ ಇದು ವಾಸಿ, ಬೆರಳಿನ ಗುರುತು ಅಷ್ಟಾಗಿ ಎದ್ದು ಕಾಣುವುದಿಲ್ಲ.

ಹೊಳಪಿಸುವ ದ್ರವದ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಅಂಥ ದ್ರವಗಳಲ್ಲಿ ಹಲವಕ್ಕೆ ಅಮೋನಿಯಾ ಸೇರಿರುತ್ತದೆ, ಒಳಗೆ ಬಿಗಿತವಿರುವ ಹಿತ್ತಾಳೆಗೆ ಅಮೋನಿಯಾ ಆಗದು. ಬ್ರಿಟಿಷ್ ಸೇನೆಯವರು ಭಾರತದಲ್ಲಿ ಮಳೆಗಾಲದ ಹೊತ್ತು ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ತೋಟಾಗಳ ಹಿತ್ತಾಳೆಯ ಕೋಶಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವಾಂಶ ಮತ್ತು ಕೋಶ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಕೂಡಿ ಹಾಗಾಗುತ್ತದೆ ಎಂಬುದು 1921ರಲ್ಲಿ ವಿವರಣೆಗೆ ಬಂತು. ನಿಮ್ಮ ಟ್ಯಾಂಕು ಕೂಡ ಅಚ್ಚಿನಲ್ಲಿ ಒತ್ತಿ ರೂಪಿಸಿದ ಹಿತ್ತಾಳೆಯ ತಗಡೇ. ಒಮ್ಮೆ ಒರೆಸಿದ ಮಾತ್ರಕ್ಕೆ ಸೀಳಿಬಿಡುತ್ತದೆ ಎಂದಲ್ಲ, ಆದರೆ ಅಮೋನಿಯಾ ಇಲ್ಲದ ಪಾಲಿಶ್ ಸಿಗುವಾಗ ಇದರ ಹಂಗೇಕೆ?

ಕಂದು ಕಲೆಗಳಿಗೆ ನೂರು ಭಾಗ ನೀರಿಗೆ ಎರಡು ಮೂರು ಭಾಗ ಸಿಟ್ರಿಕ್ ಆಮ್ಲ ಬೆರೆಸಿ, ಹತ್ತಿಯಲ್ಲಿ ಅದ್ದಿ ಒರೆಸಿದರೆ ಸಾಕು. ಕೆಲವು ನಿಮಿಷ ಮಾತ್ರ. ಆಮ್ಲದಲ್ಲಿ ಹೊತ್ತುಗಟ್ಟಲೆ ನೆನೆಸಿದರೆ ಮೇಲ್ಪದರದ ಸತು ಕರಗಿ ತಾಮ್ರವಷ್ಟೇ ಉಳಿದು, ಹಳದಿಯ ಹಿತ್ತಾಳೆ ನಸುಗೆಂಪಿಗೆ ತಿರುಗುತ್ತದೆ. ಹಾಗಾದರೆ ಆ ಪದರವನ್ನು ಮತ್ತೆ ಉಜ್ಜಿ ತೆಗೆಯಬೇಕು. ಬಳಿಕ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒಮ್ಮೆ, ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ತಕ್ಷಣ ಒಣಗಿಸಿ. ಹಾಗೇ ಬಿಟ್ಟ ನೀರಿನ ಹನಿ ಮರುದಿನ ಕಂದು ಉಂಗುರವಾಗಿ ಉಳಿದಿರುತ್ತದೆ.

ಲೇಪ ಹಾಕದಿದ್ದರೆ ಹಿತ್ತಾಳೆ ಕೆಲವೇ ವಾರಗಳಲ್ಲಿ ಮಾಸಲು ತೊಡಗುತ್ತದೆ. ಮುಟ್ಟಿದ ಕಡೆಯಲ್ಲೆಲ್ಲ ಬೆರಳಚ್ಚು ಕಪ್ಪಗೆ ಮೂಡುತ್ತದೆ, ಬೆವರಿನ ಉಪ್ಪಿನ ಕೆಲಸ ಅದು. ಮಾಸಿದ ಹಿತ್ತಾಳೆಯೇ ಚೆಂದ ಎನ್ನುವವರಿದ್ದಾರೆ, ಅವರಿಗೆ ಇಲ್ಲಿಗೆ ಕೆಲಸ ಮುಗಿಯಿತು. ಹೊಳಪು ನಿಲ್ಲಬೇಕೆಂದರೆ ಬೆಂಝೋಟ್ರಯಾಝೋಲ್ ಬೆರೆತ ಅಕ್ರಿಲಿಕ್ ಪಾರದರ್ಶಕ ಲ್ಯಾಕರ್ ಹುಡುಕಿ. ತಾಮ್ರದ ಮೇಲ್ಮೈಗೆ ಅಂಟಿಕೊಂಡು ಕಿಲುಬನ್ನು ತಡೆಯುವ ರಾಸಾಯನಿಕ ಅದು. ನಾವು ಲೂಪಿಗೆ ಹಾಕುವ ಹಲವು ಕೂಲಂಟುಗಳಲ್ಲೂ ಅದೇ ಇರುತ್ತದೆ, ಕಂಚಿನ ಪ್ರತಿಮೆಗಳನ್ನು ಕಾಯುವ ಲ್ಯಾಕರುಗಳಲ್ಲೂ ಅದೇ. ತೆಳುವಾಗಿ ಎರಡು ಸಲ ಸಿಂಪಡಿಸಿದರೆ ಸಾಕು. ಮೈಕ್ರೋಕ್ರಿಸ್ಟಲೈನ್ ಮೇಣವೂ ಆಗುತ್ತದೆ, ಆದರೆ ಕೆಲವು ತಿಂಗಳಿಗೊಮ್ಮೆ ಮತ್ತೆ ತೀಡಬೇಕು. ಲ್ಯಾಕರ್ ಸಿಂಪಡಿಸುವಾಗಲೂ ಫಿನ್‌ಗಳನ್ನು ಮುಚ್ಚಿರಲಿ. ಇಂಚಿಗೆ 30 ಫಿನ್ ಇರುವ ರೇಡಿಯೇಟರಿನಲ್ಲಿ ನಡುವಿನ ಸಂದು ಒಂದು ಮಿಲಿಮೀಟರೂ ಇರುವುದಿಲ್ಲ, ಲ್ಯಾಕರ್ ಅಲ್ಲಿ ಪೊರೆಗಟ್ಟಿ ನಿಲ್ಲುತ್ತದೆ.

ಪೋರ್ಟಿನ ಬಾಯಂಚಿಗೆ, ಅಂದರೆ ಓ-ರಿಂಗ್ ಕೂರುವ ಚಪ್ಪಟೆ ಜಾಗಕ್ಕೆ, ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ಅಲ್ಲಿ ಒಂದು ಗೀರು ಒಳಗಿನಿಂದ ಹೊರಗೆ ಹಾದುಹೋದರೂ ಅದೇ ದಾರಿಯಲ್ಲಿ ನೀರು ಜಿನುಗುತ್ತದೆ. ಲ್ಯಾಕರ್ ಕೂಡ ಅಲ್ಲಿಗೆ ಬೇಡ. ಎಲ್ಲ ಮುಗಿದ ಮೇಲೆ ಒಳಭಾಗಕ್ಕೆ ಬಿಸಿನೀರು ತುಂಬಿ, ಅಲುಗಾಡಿಸಿ, ಚೆಲ್ಲಿದ ನೀರಿನಲ್ಲಿ ಚಕ್ಕೆ ಕಾಣದಂತಾಗುವವರೆಗೆ ತೊಳೆಯಿರಿ, ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ. ಬಳಿಕ ಲೀಕ್ ಟೆಸ್ಟರ್ ಹಚ್ಚಿ 0.5 ಬಾರ್ ಗಾಳಿ ತುಂಬಿ ಅರ್ಧ ಗಂಟೆ ಅದರ ಮುಳ್ಳು ಇಳಿಯುತ್ತದೆಯೇ ಎಂದು ಗಮನಿಸಿ.

ಪ್ರಶ್ನೆ ಕೇಳಿದವರು

ಕೆಲಸ ಮುಗಿಯಿತು, ಆದದ್ದನ್ನು ಬರೆಯುತ್ತಿದ್ದೇನೆ. ಬೆಂಝೈಲ್ ಆಲ್ಕೊಹಾಲ್ ಜೆಲ್ ಬಳಿದು ಒಂದು ರಾತ್ರಿ ಬಿಟ್ಟರೆ ಮೇಲಿನ ಕಪ್ಪು ಮಾತ್ರ ಎದ್ದು, ಅಡಿಯಲ್ಲಿ ಬೂದು ಬಣ್ಣದ ಇನ್ನೊಂದು ಪದರ ಉಳಿದಿತ್ತು. ಎರಡನೆಯ ಸಲ ಬಳಿದ ಮೇಲೆ ಪ್ಲಾಸ್ಟಿಕ್ ಚೂರಿನಿಂದ ನೂಕಿದರೆ ಅದೂ ಬಂತು. ಟ್ಯಾಂಕಿನ ಮಧ್ಯಭಾಗ ಹಿತ್ತಾಳೆ, ಪೋರ್ಟುಗಳ ಸುತ್ತ ಬಿಳಿಚಿದ ಬೆಸುಗೆಯ ಉಂಗುರ, ಒಂದು ಮೂಲೆಯಲ್ಲಿ ಗಟ್ಟಿಯಾಗಿ ನಿಂತ ಬೆಸುಗೆಯ ಹನಿ. ಎರಡನೆಯ ಉತ್ತರ ಬರೆದ ಮಿತ್ರರು ಹೇಳಿದ ಹಾಗೆಯೇ. ಆ ಹನಿಯನ್ನು ಸಮ ಮಾಡೋಣವೆಂದು ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡಿದ್ದೆ. ಬೆಸುಗೆಯನ್ನು ಸವೆಸಬಾರದೆಂಬ ಮಾತು ನೆನಪಾಗಿ ಬಿಟ್ಟುಬಿಟ್ಟೆ.

ಒಂದು ತಪ್ಪು ಆಯಿತು. ಮರೆಯ ಟೇಪಿನ ಒಂದು ಮೂಲೆ ಎದ್ದು, ನಾಲ್ಕೈದು ಫಿನ್‌ಗಳ ತುದಿಗೆ ಜೆಲ್ ತಾಗಿ, ಅಲ್ಲಿ ತಾಮ್ರ ಕೆಂಪಗೆ ಕಾಣುತ್ತಿದೆ. ಮುಟ್ಟಲು ಹೋಗದೆ ನೀರಿನಿಂದ ತೊಳೆದು ಹಾಗೆಯೇ ಬಿಟ್ಟಿದ್ದೇನೆ. ಫ್ಯಾನಿನ ಚೌಕಟ್ಟು ಅದನ್ನು ಮುಚ್ಚುತ್ತದೆ. 0.5 ಬಾರ್ ಗಾಳಿ ತುಂಬಿ ಮುಕ್ಕಾಲು ಗಂಟೆ ಕಾದೆ, ಮುಳ್ಳು ಅಲುಗಲಿಲ್ಲ. ಲ್ಯಾಕರ್ ಒಂದು ಟ್ಯಾಂಕಿಗೆ ಮಾತ್ರ ಹಾಕಿದ್ದೇನೆ. ಕೊಳವೆಗಳು ಬಂದು ಸೇರುವ ಇನ್ನೊಂದನ್ನು ಬರಿಯದಾಗಿಯೇ ಬಿಟ್ಟಿದ್ದೇನೆ, ತಾಮ್ರದ ಕೊಳವೆಗಳ ಜೊತೆಗೆ ಅದೂ ಮಾಸಲಿ ಎಂದು.